ಹುಟ್ಟದ ಪದಗಳ ಲೆಕ್ಕ: ಒಬ್ಬ ಅನುವಾದಕಿಯ ಬಾಕಿ ಸಂಭಾವನೆಯ ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ಒಂದು ಪೇಟೆಯಲ್ಲಿ, ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಾಳಿಗೆಯಲ್ಲಿ ನನ್ನ ಲೆಕ್ಕಪತ್ರದ ಕೋಣೆ ಇದೆ. ಅಡಿಕೆ ವ್ಯಾಪಾರಿಗಳ ಜಮಾಖರ್ಚು, ನಿವೃತ್ತ ಅಧ್ಯಾಪಕರ ಆದಾಯ ತೆರಿಗೆ ವಿವರ, ಇಷ್ಟೇ ಅಲ್ಲಿನ ಕೆಲಸ. ಈ ಪ್ರಕರಣ ಅಲ್ಲಿಗೆ ಬಂದದ್ದು 2024ರ ಜನವರಿಯಲ್ಲಿ, ಒಂದು ಹಳೆಯ ಲ್ಯಾಪ್‌ಟಾಪಿನ ಚೀಲದೊಳಗೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ಸಂಗತಿಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ಅವರ ಹೆಸರೂ ಬೇಡ. ಪ್ರಾಯದಲ್ಲಿ ನನಗಿಂತ ಚಿಕ್ಕವರಾದರೂ ನಾನು ಅವರನ್ನು ಅಕ್ಕ ಎಂದೇ ಕರೆಯುವುದು, ಅವರು ನನ್ನನ್ನು ಅಣ್ಣ ಎನ್ನುವುದು. ಇಲ್ಲಿಯೂ ಹಾಗೆಯೇ ಇರಲಿ.

ಹಿನ್ನೆಲೆ

ಅಕ್ಕ ಕನ್ನಡ ಎಂ.ಎ. ಓದಿದವರು. ಕೆಲವು ವರ್ಷ ದಿನಗೂಲಿ ಅಧ್ಯಾಪಕಿಯಾಗಿ ಶಾಲೆಯಿಂದ ಶಾಲೆಗೆ ಅಲೆದು ಸಾಕಾಗಿ ಅನುವಾದವನ್ನೇ ವೃತ್ತಿ ಮಾಡಿಕೊಂಡರು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಓದಿದ್ದು ಕನ್ನಡ, ಕಲಿತದ್ದು ಇಂಗ್ಲಿಷ್. ಗಡಿನಾಡಿನಲ್ಲಿ ಇಂಥವರಿಗೆ ಒಂದು ವಿಶೇಷ ಬೇಡಿಕೆ ಇದೆ. 1956ರಲ್ಲಿ ಕೇರಳಕ್ಕೆ ಸೇರುವ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಆ ಕಾಲದ ಆಧಾರಪತ್ರ (ಜಮೀನಿನ ದಸ್ತಾವೇಜು), ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ), ವಿಭಾಗಪತ್ರಗಳು ಕನ್ನಡದ ಕೈಬರಹದಲ್ಲಿ ಮನೆಮನೆಯ ಪೆಟ್ಟಿಗೆಗಳಲ್ಲಿವೆ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲಿ, ಬ್ಯಾಂಕಿನಿಂದ ಸಾಲ ತೆಗೆಯಲಿ, ಹೆದ್ದಾರಿಗೆ ಭೂಮಿ ಬಿಟ್ಟು ಪರಿಹಾರ ಕೇಳಲಿ, ಯಾರಾದರೊಬ್ಬರು ಆ ಕೈಬರಹವನ್ನು ಓದಿ ಮಲಯಾಳಕ್ಕೋ ಇಂಗ್ಲಿಷಿಗೋ ತಿರುಗಿಸಿ ಕೊಡಬೇಕು. ಇಷ್ಟು ಮುಡಿ ಅಕ್ಕಿ ಗೇಣಿ ಎಂದು ಬರೆದಿರುವ ಕಡೆ ಮುಡಿ ಎಂಬ ಹಳೆಯ ಅಳತೆ ಎಂದರೆ ಏನು ಎಂಬುದನ್ನು ಈಗಿನ ಬ್ಯಾಂಕ್ ಅಧಿಕಾರಿಗೆ ಅಡಿಟಿಪ್ಪಣಿಯಲ್ಲಿ ವಿವರಿಸುವಷ್ಟು ಅಕ್ಕನಿಗೆ ಆ ಕಾಗದಗಳ ಪರಿಚಯವಿದೆ.

ಈ ಕೆಲಸದ ಹಣ ತಕ್ಷಣ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದದ ಕಟ್ಟು ಹಿಡಿದು ಬಂದವರು ಪುಟಕ್ಕೆ ಎಷ್ಟು ಎಂದು ಕೇಳುತ್ತಾರೆ, ಕೆಲಸ ಮುಗಿದ ದಿನ ಜಗಲಿಯಲ್ಲಿ ಕುಳಿತು ನೋಟು ಎಣಿಸಿ ಕೊಡುತ್ತಾರೆ. ಜತೆಗೊಂದು ಬಾಳೆಗೊನೆ ಬಂದದ್ದೂ ಉಂಟು. ಹತ್ತು ವರ್ಷ ಹೀಗೆ ದುಡಿದವರಿಗೆ ಮುಂಗಡ ಕೇಳುವ, ಬಿಲ್ಲಿಗೆ ಗಡುವು ಹಾಕುವ ಅಭ್ಯಾಸವೇ ಆಗಿರಲಿಲ್ಲ. ಪ್ರಕರಣದ ಬೇರು ಇಲ್ಲಿದೆ ಎಂದು ನನ್ನ ಎಣಿಕೆ.

2023ರ ಜೂನ್‌ನಲ್ಲಿ ಎರ್ನಾಕುಳಂ ಕಡೆಯ ಒಂದು ಅನುವಾದ ಸಂಸ್ಥೆಯಿಂದ ಇಮೇಲ್ ಬಂತು. ತಾಯಿ ಮತ್ತು ಮಗುವಿನ ಆರೋಗ್ಯದ ಒಂಬತ್ತು ತರಬೇತಿ ಪುಸ್ತಿಕೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಓದುಗರು ಕಾಸರಗೋಡು ಜಿಲ್ಲೆಯ ಕನ್ನಡಿಗರು. ಇಮೇಲ್ ಚಿಕ್ಕದು: ಒಟ್ಟು 1,28,000 ಪದ, ಪದಕ್ಕೆ ₹1.25, ಡಿಸೆಂಬರ್ ಮೊದಲ ವಾರದೊಳಗೆ ಮುಗಿಯಬೇಕು, ಬಿಲ್ಲು ಕೊಟ್ಟ 30 ದಿನದಲ್ಲಿ ಪಾವತಿ. ಇಂಗ್ಲಿಷ್ ಕಡತಗಳು ಅದಕ್ಕೆ ಲಗತ್ತಾಗಿದ್ದವು. ಮಾತನಾಡಲು ಒಬ್ಬ ಸಂಯೋಜಕ ಹುಡುಗನಿದ್ದ. ಮೊದಲ ಕರೆಯಲ್ಲೇ ಅವನು ಅಕ್ಕನನ್ನು ಚೇಚಿ, ಮಲಯಾಳದಲ್ಲಿ ಅಕ್ಕ, ಎಂದು ಕರೆದ. ಅಕ್ಕ "ಆಯಿತು, ಮಾಡುತ್ತೇನೆ" ಎಂದು ಎರಡು ಸಾಲು ಬರೆದರು. ಕರಾರು ಎಂದರೆ ಇಷ್ಟೇ.

ಮೂರು ಬಿಲ್ಲುಗಳು

ಮೊದಲ ಮೂರು ಪುಸ್ತಿಕೆ ಮುಗಿದಾಗ, ಆಗಸ್ಟ್ 10ರಂದು, 41,600 ಪದಗಳಿಗೆ ₹52,000ದ ಬಿಲ್ಲು ಹೋಯಿತು. ಹಣ ಬಂದದ್ದು ಅಕ್ಟೋಬರ್ 20ಕ್ಕೆ. 71 ದಿನ. ಬಂದದ್ದು ₹46,800. ಉಳಿದ ₹5,200 ಟಿಡಿಎಸ್. ವೃತ್ತಿಪರ ಸಂಭಾವನೆಯಿಂದ ಶೇಕಡಾ 10ನ್ನು ಮೂಲದಲ್ಲೇ ಕಡಿಯುವುದು ಆಗಿನ ಆದಾಯ ತೆರಿಗೆ ಕಾನೂನಿನ 194ಜೆ ವಿಧಿಯಾಗಿತ್ತು. ಅಕ್ಕ ಅದನ್ನು ದಂಡವೆಂದು ತಿಳಿದು ಸುಮ್ಮನಿದ್ದರು. ವಿವರ ಸಲ್ಲಿಸಿದರೆ ಮರಳಿ ಬರುವ ಹಣವದು ಎಂದು ನಾನು ಹೇಳಿದ್ದು ಜನವರಿಯಲ್ಲಿ. ಹಿಂದಿನ ವರ್ಷಗಳಲ್ಲಿ ಹೀಗೆ ಎಷ್ಟು ಬಿಟ್ಟುಕೊಟ್ಟಿದ್ದೀರಿ ಎಂದು ಕೇಳಬೇಕೆನಿಸಿತು, ಮುಖ ನೋಡಿ ಕೇಳಲಿಲ್ಲ.

ಆ ಹಣ ತಡವಾದರೂ ಬಂದದ್ದು ಮೂಗಿಗೆ ತುಪ್ಪ ಸವರಿದಂತಾಯಿತು. ಅಷ್ಟರಲ್ಲಿ ಅಕ್ಟೋಬರ್ 9ಕ್ಕೆ ಎರಡನೆಯ ಬಿಲ್ಲು ಹೋಗಿತ್ತು: ನಾಲ್ಕು ಪುಸ್ತಿಕೆ, 49,600 ಪದ, ₹62,000. ಅದರ 30 ದಿನ ನವೆಂಬರ್ 8ಕ್ಕೆ ಮುಗಿಯಿತು. ಹಣವಿಲ್ಲ. ಕರೆ ಮಾಡಿದರೆ "ಅಕೌಂಟ್ಸ್ ವಿಭಾಗದಲ್ಲಿದೆ ಚೇಚಿ, ಈ ವಾರ ಆಗುತ್ತದೆ." ಮುಂದಿನ ವಾರವೂ ಅದೇ ಮಾತು.

ನವೆಂಬರ್ ಕೊನೆಗೆ ಕೊನೆಯ ಎರಡು ಪುಸ್ತಿಕೆಗಳು ಅಕ್ಕನ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿದ್ದವು. ಹುಡುಗನ ಅವಸರ ಹೆಚ್ಚಾಯಿತು. ಅವರ ಗಿರಾಕಿ ಮುದ್ರಣಕ್ಕೆ ದಿನ ಗೊತ್ತುಮಾಡಿದ್ದರಂತೆ. ಆ ವಾರ ಅಕ್ಕ ಬೇರೆ ಯಾವುದೋ ಕೆಲಸಕ್ಕೆ ಪೇಟೆಗೆ ಬಂದವರು ಮೆಟ್ಟಿಲಲ್ಲಿ ಸಿಕ್ಕಿ ವಿಷಯ ಹೇಳಿದರು. ನಾನು ಥಟ್ಟನೆ ಹೇಳಿದೆ: "ಕೊಡಬೇಡಿ ಅಕ್ಕ. ಹಳೆಯ ಬಾಕಿ ಬರಲಿ, ಆಮೇಲೆ ಕಡತ ಕಳುಹಿಸಿ." ಅವರು ಒಪ್ಪಲಿಲ್ಲ. "ದಿನಕ್ಕೆ ಸರಿಯಾಗಿ ಕೊಡುತ್ತೇನೆಂದು ಹೇಳಿದ್ದು ನಾನು. ಅವರು ಮಾತು ತಪ್ಪಿದರೆಂದು ನಾನೂ ತಪ್ಪಿದರೆ ನಾಳೆ ಇಬ್ಬರದ್ದೂ ಒಂದೇ ತೂಕವಾಗುತ್ತದೆ." ಡಿಸೆಂಬರ್ 2ಕ್ಕೆ ಕಡತ ಹೋಯಿತು, 4ಕ್ಕೆ ಮೂರನೆಯ ಬಿಲ್ಲು: 36,800 ಪದ, ₹46,000.

ಇದು ಹೆಡ್ಡತನ ಎಂದು ಆಗ ನನಗೆ ಅನ್ನಿಸಿತ್ತು. ತಪ್ಪು ನನ್ನದೇ. ಜೂನ್‌ನ ಇಮೇಲ್‌ನಲ್ಲಿ ಬಾಕಿ ಇದ್ದರೆ ಕೆಲಸ ತಡೆಹಿಡಿಯಬಹುದು ಎಂಬ ಮಾತೇ ಇರಲಿಲ್ಲ. ತಡೆದಿದ್ದರೆ "ಗಡುವು ಮೀರಿದರು, ಮುದ್ರಣ ನಿಂತು ನಷ್ಟವಾಯಿತು" ಎಂದು ಹೇಳಲು ಅವರಿಗೊಂದು ನಿಜವಾದ ಕಾರಣ ಸಿಗುತ್ತಿತ್ತು. ಮುಂದೆ ಅವರು ಒಡ್ಡಿದ ತಕರಾರುಗಳಲ್ಲಿ ಯಾವುದಕ್ಕೂ ಅಷ್ಟು ಬಲ ಇರಲಿಲ್ಲ. ಹಾಗೆಂದು ಯಾವಾಗಲೂ ಕೊಟ್ಟುಬಿಡಬೇಕು ಎಂದಲ್ಲ. ತಡೆಯುವ ಹಕ್ಕನ್ನು ಮೊದಲೇ ಬರೆದಿಟ್ಟುಕೊಂಡವರು ತಡೆಯಬಹುದು. ಬರೆಯದವರು ತಡೆದರೆ ತಾವೇ ಕಟಕಟೆಯಲ್ಲಿ ನಿಲ್ಲುತ್ತಾರೆ.

ಜನವರಿ 11ರ ಇಮೇಲ್

ಡಿಸೆಂಬರ್ 3ಕ್ಕೆ ಹುಡುಗ ವಾಟ್ಸ್ಆ್ಯಪ್‌ನಲ್ಲಿ "ಸೂಪರ್ ಚೇಚಿ" ಎಂದು ಬರೆದಿದ್ದ. ಡಿಸೆಂಬರ್ ನಡುವಿನಲ್ಲಿ ಅದು "ಮೇಡಂ" ಆಯಿತು. ಜನವರಿ 11ಕ್ಕೆ ಬಂದ ಇಮೇಲ್‌ನಲ್ಲಿ ಸಂಬೋಧನೆ "ಪ್ರಿಯ ಸರಬರಾಜುದಾರರೇ". ಬರೆದವನು ಹುಡುಗನಲ್ಲ, ಅಕ್ಕ ಹೆಸರೇ ಕೇಳಿರದ ಯಾರೋ ವ್ಯವಸ್ಥಾಪಕರು. ಕರೆಯುವ ರೀತಿ ಹೀಗೆ ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಕಂಡ ದಿನವೇ ಕಾಗದಪತ್ರ ಒಟ್ಟುಮಾಡಲು ಕುಳಿತುಕೊಳ್ಳಬೇಕು ಎಂಬುದು ನನ್ನ ಅನುಭವ.

ಇಮೇಲ್‌ನ ಲೆಕ್ಕ ಹೀಗಿತ್ತು. ಸಂಸ್ಥೆಯ ಪದ್ಧತಿಯಂತೆ ಎಣಿಕೆ ಆಗಬೇಕಾದದ್ದು ಇಂಗ್ಲಿಷ್ ಮೂಲದ ಪದಗಳಲ್ಲವಂತೆ, ಕನ್ನಡ ಅನುವಾದದ ಪದಗಳಂತೆ. ಬಾಕಿ ಇರುವ ಆರು ಪುಸ್ತಿಕೆಗಳ ಕನ್ನಡ ಪದ 63,200, ಮೊತ್ತ ₹79,000. ಅದರಲ್ಲಿ ಮರುಕಳಿಸಿದ ವಾಕ್ಯಗಳಿಗೆ ₹8,000 ಕಡಿತ. ಪರಿಶೀಲಕರು ತಿದ್ದಿದ ವೆಚ್ಚ ₹11,000. ಮೊದಲ ಬಿಲ್ಲಿನಲ್ಲಿ ಇಂಗ್ಲಿಷ್ ಪದ ಎಣಿಸಿ "ಹೆಚ್ಚಾಗಿ" ಕೊಟ್ಟದ್ದು ₹14,000, ಅದರ ವಸೂಲಿ. ಉಳಿಯುವುದು ₹46,000. ಇದೇ ಪೂರ್ಣ ಮತ್ತು ಅಂತಿಮ ಇತ್ಯರ್ಥ. ಒಪ್ಪಿಗೆ ಎಂಬ ಒಂದು ಪದ ಬರೆದು ಉತ್ತರಿಸಿದರೆ ಏಳು ದಿನದಲ್ಲಿ ಹಣ. ಬರಬೇಕಾದದ್ದು ₹1,08,000.

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಾಗ ಪದಗಳ ಸಂಖ್ಯೆ ಏಕೆ ಇಳಿಯುತ್ತದೆ ಎಂಬುದನ್ನು ಅಕ್ಕ ನನಗೆ ತೋರಿಸಿಕೊಟ್ಟರು. ಪುಸ್ತಿಕೆಯ ಒಂದು ವಾಕ್ಯ: "ಮಗುವಿಗೆ ಕುದಿಸಿ ಆರಿಸಿದ ನೀರನ್ನೇ ಕುಡಿಸಬೇಕು." ಐದು ಪದ. ಅದರ ಇಂಗ್ಲಿಷ್ ಮೂಲವನ್ನು ಬೆರಳು ಮಡಚಿ ಎಣಿಸಿದೆ, ಹದಿಮೂರು. ನಾವು ವಿಭಕ್ತಿಯನ್ನು ಪದದ ಬಾಲಕ್ಕೆ ಅಂಟಿಸುತ್ತೇವೆ, "ಮಾತ್ರ" ಎನ್ನಬೇಕಾದಲ್ಲಿ ಒಂದು ಏಕಾರ ಸಾಕು, ಕ್ರಿಯಾಪದವೊಂದೇ ಇಂಗ್ಲಿಷಿನ ಮೂರು ನಾಲ್ಕು ಪದಗಳ ಹೊರೆ ಹೊರುತ್ತದೆ. ಎಲ್ಲ ವಾಕ್ಯಗಳಲ್ಲಿ ಇಷ್ಟು ಇಳಿಕೆ ಇರುವುದಿಲ್ಲ. ಈ ಪುಸ್ತಿಕೆಗಳಲ್ಲಿ ಒಟ್ಟಾರೆ ನೂರು ಇಂಗ್ಲಿಷ್ ಪದ 73 ಕನ್ನಡ ಪದವಾಗಿತ್ತು. ಎಣಿಸುವ ಕಡೆಯನ್ನು ಬದಲಿಸಿದ ಮಾತ್ರಕ್ಕೆ, ದರ ಮುಟ್ಟದೆ, ಸಂಭಾವನೆಯ ಕಾಲು ಭಾಗಕ್ಕೂ ಹೆಚ್ಚು ಕರಗಿಹೋಗುತ್ತದೆ. ಭಾಷೆ ಬಿಗಿಯಾಗಿದೆ ಎಂಬುದಕ್ಕೆ ಅನುವಾದಕಿಗೆ ದಂಡ! ಕೆಟ್ಟದಾಗಿ ಬಿಡಿಸಿ ಎಳೆದು ಬರೆದವರಿಗೆ ಹೆಚ್ಚು ಹಣ ಸಿಗುವ ಲೆಕ್ಕ ಇದು.

ಅಕ್ಕ ಒಪ್ಪಿಗೆ ಎಂದು ಬರೆಯುವುದರಲ್ಲಿದ್ದರು. ಮಗನ ಕಾಲೇಜಿನ ಶುಲ್ಕ ಆ ತಿಂಗಳು ಕಟ್ಟಬೇಕಿತ್ತು. ಲ್ಯಾಪ್‌ಟಾಪ್ ಹೊತ್ತು ನನ್ನ ಕೋಣೆಗೆ ಬಂದದ್ದು ಜಗಳಕ್ಕೆ ಸಲಹೆ ಕೇಳಲಿಕ್ಕಲ್ಲ. "ಒಪ್ಪಿಗೆ, ಆದರೆ ಬೇಸರವಾಗಿದೆ" ಎಂಬುದನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಗೆ ಬರೆಯುವುದೆಂದು ಕೇಳಲಿಕ್ಕೆ. ಪ್ರಕರಣದ ಮೊದಲ ತಿರುವು ಅದು. ಅಂತಿಮ ಇತ್ಯರ್ಥಕ್ಕೆ ಒಪ್ಪಿ ಹಣ ಪಡೆದ ಮೇಲೆ ಬೇಸರಕ್ಕೆ ಯಾವ ನ್ಯಾಯಾಲಯದಲ್ಲೂ ಬೆಲೆ ಇಲ್ಲ.

ಮಾಡಿದ್ದು

ಮೊದಲ ಉತ್ಸಾಹದಲ್ಲಿ ವಕೀಲರ ನೋಟಿಸು ಎಂದು ನನ್ನ ಬಾಯಿಗೆ ಬಂತು. ಕೆಳಗಿನ ಮಾಳಿಗೆಯ ವಕೀಲರನ್ನು ಕೇಳಿದೆವು. ಅವರು ಕಾಗದಗಳನ್ನು ನೋಡಿ, ಹಣ ವಸೂಲಿ ದಾವೆಗೆ ಮೂರು ವರ್ಷ ಕಾಲಾವಕಾಶವಿದೆ, ಅವಸರವಿಲ್ಲ, ಮೊದಲು ಅವರ ಬಾಯಿಂದಲೇ ಒಪ್ಪಿಕೊಂಡದ್ದು ಯಾವುದು, ತಕರಾರು ಯಾವುದು ಎಂದು ಬೇರೆ ಮಾಡಿ ಎಂದರು. ಶುಲ್ಕ ತೆಗೆದುಕೊಳ್ಳಲಿಲ್ಲ, ಚಹಾ ಕುಡಿದರು.

ಆ ಒಂದು ಮಾತು ಇಡೀ ಕಡತದ ಆಕಾರವನ್ನೇ ಬದಲಿಸಿತು. ಅಲ್ಲಿಯ ತನಕ ಎದುರಿಗಿದ್ದದ್ದು ₹46,000 ಅಥವಾ ಏನೂ ಇಲ್ಲ. ಜನವರಿ 17ರಂದು ಹೋದ ಉತ್ತರದಲ್ಲಿ ಅಕ್ಕ ಸಿಟ್ಟಿನ ಒಂದು ಪದವನ್ನೂ ಬಳಸಲಿಲ್ಲ. ನಿಮ್ಮ ಎಣಿಕೆಯ ಪ್ರಕಾರವೇ ಈ ಆರು ಪುಸ್ತಿಕೆಗಳ ಬೆಲೆ ₹79,000, ಅದನ್ನು ಮೊದಲು ಬಿಡುಗಡೆ ಮಾಡಿ. ಎಣಿಕೆಯ ವ್ಯತ್ಯಾಸವಾದ ₹29,000, ಮತ್ತು ನೀವು ಹೇಳುವ ಕಡಿತಗಳನ್ನು ಬೇರೆಯಾಗಿ ಮಾತನಾಡೋಣ. ಅಂತಿಮ ಇತ್ಯರ್ಥಕ್ಕೆ ನನ್ನ ಒಪ್ಪಿಗೆ ಇಲ್ಲ. ಕೊನೆಯ ವಾಕ್ಯವನ್ನು ಬರೆಯಲು ಅವರಿಗೆ ಅರ್ಧ ಗಂಟೆ ಬೇಕಾಯಿತು.

ಎಣಿಕೆಯ ವಾದಕ್ಕೆ ಉತ್ತರ ಜೂನ್‌ನ ಇಮೇಲ್‌ನಲ್ಲೇ ಇತ್ತು, ನಾವಿಬ್ಬರೂ ಅದನ್ನು ನಾಲ್ಕು ಬಾರಿ ಓದಿಯೂ ಕಂಡಿರಲಿಲ್ಲ. ಮೂಲದ ಪದವೋ ಅನುವಾದದ ಪದವೋ ಎಂದು ಅಲ್ಲಿ ಬರೆದಿಲ್ಲ, ನಿಜ. ಆದರೆ "ಒಟ್ಟು 1,28,000 ಪದ" ಎಂದು ಬರೆದಿದೆ. ಜೂನ್‌ನಲ್ಲಿ ಕನ್ನಡ ಅನುವಾದದ ಒಂದು ಪದವೂ ಇರಲಿಲ್ಲ. ಹುಟ್ಟದ ಪದಗಳನ್ನು ಅವರು ಎಣಿಸಿದ್ದಾದರೂ ಹೇಗೆ? ಅಕ್ಕ ಇದನ್ನು ಕಂಡುಹಿಡಿದದ್ದು ರಾತ್ರಿ ಹನ್ನೊಂದಕ್ಕೆ. ನನಗೆ ಕರೆ ಬಂದದ್ದು ಹನ್ನೊಂದೂ ಐದಕ್ಕೆ. ಮೊದಲ ಬಿಲ್ಲನ್ನು ಇಂಗ್ಲಿಷ್ ಪದಗಳ ಮೇಲೆಯೇ, ಒಂದು ಪ್ರಶ್ನೆಯೂ ಇಲ್ಲದೆ ಕೊಟ್ಟಿದ್ದಾರೆ ಎಂಬುದೂ ಇದಕ್ಕೆ ಸೇರಿತು.

ಗುಣಮಟ್ಟದ ತಕರಾರಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಗಡಿನಾಡಿನಲ್ಲಿ ಬರೆಯುವವರಿಗೆ ಇದು ಎದುರಾಗುತ್ತಲೇ ಇರುತ್ತದೆ. ₹11,000ಕ್ಕೆ ಆಧಾರವಾಗಿ ಬೆಂಗಳೂರಿನ ಪರಿಶೀಲಕರೊಬ್ಬರ 47 ತಿದ್ದುಪಡಿಗಳ ಪಟ್ಟಿ ಬಂತು. ಅಕ್ಕ ಒಂದೊಂದನ್ನೂ ಮೂಲದ ಜತೆ ಇಟ್ಟು ನೋಡಿದರು. ಐದು ನಿಜವಾದ ತಪ್ಪುಗಳು. ಅದರಲ್ಲೂ ಒಂದು ಕೋಷ್ಟಕದಲ್ಲಿ ತಿಂಗಳು ಎಂದಿರಬೇಕಾದಲ್ಲಿ ವಾರ ಎಂದಾಗಿತ್ತು. ಮಗುವಿನ ಆಹಾರದ ವಿಷಯದಲ್ಲಿ ಅದು ಸಣ್ಣದಲ್ಲ. ಅಕ್ಕನ ಮುಖ ಕಪ್ಪಿಟ್ಟಿತು. ಅಂದೇ ತಿದ್ದಿ ಕಳುಹಿಸಿ, ತಪ್ಪು ನನ್ನದು ಎಂದು ಬರೆದರು. ಉಳಿದ 42 ಬರೀ ರುಚಿಯ ಪ್ರಶ್ನೆ, ಮತ್ತು ಅವುಗಳಲ್ಲಿ 19 ತಿದ್ದುಪಡಿಗಳಿಂದ ಪುಸ್ತಿಕೆ ಕೆಟ್ಟಿತ್ತು. "ಗ್ರಾಮ ಕಚೇರಿ" ಇದ್ದಲ್ಲಿ ಪರಿಶೀಲಕರು "ನಾಡಕಚೇರಿ" ಮಾಡಿದ್ದರು. ಕೇರಳದ ಮಹಿಳಾ ಸ್ವಸಹಾಯ ಗುಂಪುಗಳ "ಕುಟುಂಬಶ್ರೀ" ಹೋಗಿ "ಸ್ತ್ರೀಶಕ್ತಿ ಗುಂಪು" ಬಂದಿತ್ತು. "ಪಂಚಾಯತು" ಎಲ್ಲ ಕಡೆ "ಪಂಚಾಯಿತಿ" ಆಗಿತ್ತು. ಕೇರಳದಲ್ಲಿ ನಾಡಕಚೇರಿ ಎಂಬುದೇ ಇಲ್ಲ. ಕಾಸರಗೋಡಿನ ಬಾಣಂತಿಗೆ ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ ಎಂದರೆ ಅವಳು ಮಗುವನ್ನೆತ್ತಿಕೊಂಡು ತಲಪಾಡಿ ಗಡಿ ದಾಟಬೇಕು. ಪರಿಶೀಲಕರ ಕನ್ನಡ ಚೆನ್ನಾಗಿಯೇ ಇತ್ತು. ಓದುಗರು ಯಾರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಕ್ಕ 47ನ್ನೂ ಮೂರು ಬಣ್ಣದಲ್ಲಿ ಗುರುತಿಸಿ, ಪ್ರತಿಯೊಂದಕ್ಕೂ ಒಂದು ಸಾಲು ಕಾರಣ ಬರೆದು ಕಳುಹಿಸಿದರು. ಐದು ತಪ್ಪುಗಳನ್ನು ಮೊದಲಿಗೇ ಒಪ್ಪಿಕೊಂಡದ್ದರಿಂದ ಉಳಿದ 42ರ ಮಾತಿಗೆ ತೂಕ ಬಂತು ಎಂದು ನಾನು ನಂಬುತ್ತೇನೆ. ಆಮೇಲೆ ₹11,000ದ ಮಾತನ್ನು ಅವರು ಎತ್ತಲೇ ಇಲ್ಲ.

ನಡುವೆ, ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲಿಗೆ ಹಣ ಕೊಡಲಾಗದು ಎಂಬ ಒಂದು ಕೊಕ್ಕೆಯೂ ಬಂತು. ಸೇವೆಯಿಂದ ವರ್ಷಕ್ಕೆ ₹20 ಲಕ್ಷದೊಳಗೆ ದುಡಿಯುವವರು ನೋಂದಣಿ ಮಾಡಿಸಬೇಕಾಗಿಲ್ಲ ಎಂದು ಬರೆದೆವು. ಅದು ಅಲ್ಲಿಗೇ ಮುಗಿಯಿತು.

26ಎಎಸ್ ತೋರಿಸಿದ್ದು

ಫೆಬ್ರವರಿ ಮೊದಲ ವಾರ ಕಳೆದರೂ ಹಣವಿಲ್ಲ. ಅಕ್ಕನ ಹೆಸರಿನಲ್ಲಿ ಆದಾಯ ತೆರಿಗೆಯ ಜಾಲತಾಣಕ್ಕೆ ಹೋಗಿ 26ಎಎಸ್ ತೆಗೆದೆ. ನಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಕಡಿದು ಸರಕಾರಕ್ಕೆ ಕಟ್ಟಿದ್ದಾರೆ ಎಂಬ ಪಟ್ಟಿ ಅದು. ನಾನು ಹುಡುಕುತ್ತಿದ್ದದ್ದು ಹಳೆಯ ₹5,200 ಜಮೆಯಾಗಿದೆಯೇ ಎಂದು ಮಾತ್ರ. ಆಗಿತ್ತು. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ಅಕ್ಟೋಬರ್‌ನಿಂದ ಡಿಸೆಂಬರ್ ತ್ರೈಮಾಸಿಕ, ಮೊತ್ತ ₹62,000, ಕಡಿದ ತೆರಿಗೆ ₹6,200.

ಕುರ್ಚಿಯಿಂದ ಎದ್ದು ಕಿಟಕಿಯ ತನಕ ಹೋಗಿ ಬಂದೆ. ಟಿಡಿಎಸ್ ಕಡಿಯಬೇಕಾದದ್ದು ಹಣ ಕೊಡುವಾಗ ಅಥವಾ ಲೆಕ್ಕದ ಪುಸ್ತಕದಲ್ಲಿ ಜಮೆ ಮಾಡುವಾಗ, ಯಾವುದು ಮೊದಲೋ ಆಗ. ಹಣ ಕೊಟ್ಟಿಲ್ಲ. ಹಾಗಾದರೆ ಎರಡನೆಯ ಬಿಲ್ಲನ್ನು ಅವರ ಲೆಕ್ಕಿಗ ಇಡೀ ₹62,000ಕ್ಕೆ, ಇಂಗ್ಲಿಷ್ ಪದಗಳ ಎಣಿಕೆಯಂತೆಯೇ, ಪುಸ್ತಕದಲ್ಲಿ ಬರೆದುಕೊಂಡು ತೆರಿಗೆಯನ್ನೂ ಕಟ್ಟಿದ್ದಾನೆ. ವ್ಯವಸ್ಥಾಪಕರು ಜನವರಿಯಲ್ಲಿ ಹೇಳುತ್ತಿದ್ದ "ಸಂಸ್ಥೆಯ ಪದ್ಧತಿ" ಅವರ ಸ್ವಂತ ಲೆಕ್ಕಿಗನಿಗೇ ಗೊತ್ತಿರಲಿಲ್ಲ. ಈ ಒಂದು ಸಾಲೇ ಸಾಲದ ಒಪ್ಪಿಗೆಯಾಗಿ ಕೋರ್ಟಿನಲ್ಲಿ ನಿಲ್ಲುತ್ತದೆ ಎಂದು ಭಾವಿಸಬೇಡಿ, ಬೇರೆ ಕಾಗದಗಳ ಜತೆ ಸೇರಿದರೆ ಮಾತ್ರ ಬಲ ಎಂದು ಕೆಳಗಿನ ವಕೀಲರು ಎಚ್ಚರಿಸಿದರು. ಆದರೆ ನಮಗೆ ಕೋರ್ಟು ಬೇಕಾಗಿರಲಿಲ್ಲ. ಆ ಪುಟದ ಪ್ರತಿಯನ್ನು ಲಗತ್ತಿಸಿ ಅಕ್ಕ ಎರಡು ಸಾಲು ಬರೆದರು: ನಿಮ್ಮ ಪುಸ್ತಕದಲ್ಲಿ ನನಗೆ ಜಮೆಯಾಗಿರುವ ಹಣ ನನ್ನ ಖಾತೆಗೆ ಯಾವಾಗ ಬರುತ್ತದೆ?

ಉತ್ತರ ಬರಲಿಲ್ಲ. ಫೆಬ್ರವರಿ 19ಕ್ಕೆ ಬಂದದ್ದು ಬೇರೆಯದೇ ಕಡೆಯಿಂದ. ಅವರ ಅಕೌಂಟ್ಸ್ ವಿಭಾಗ ಎಲ್ಲ ಸರಬರಾಜುದಾರರಿಗೂ ಒಂದು ನಮೂನೆ ಕಳುಹಿಸಿತ್ತು: ನೀವು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದೀರಾ? ಇದ್ದರೆ ಪ್ರಮಾಣಪತ್ರ ಕಳುಹಿಸಿ. ಅಕ್ಕ ಅದನ್ನು ಇನ್ನೊಂದು ಕೊಕ್ಕೆ ಎಂದುಕೊಂಡು ಬದಿಗಿಟ್ಟಿದ್ದರು. ನಾಲ್ಕು ದಿನದ ಮೇಲೆ ಮಾತಿನ ನಡುವೆ ಹೇಳಿದರು. ಲ್ಯಾಪ್‌ಟಾಪ್ ಸಾಲಕ್ಕೆ ಸಹಕಾರಿ ಬ್ಯಾಂಕು ಕೇಳಿತೆಂದು ಸೆಪ್ಟೆಂಬರ್ 14ಕ್ಕೆ ಅಕ್ಷಯ ಕೇಂದ್ರದಲ್ಲಿ (ಕೇರಳದ ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಮಾಡಿಸಿದ್ದರಂತೆ, ಕಾಗದ ಎಲ್ಲೋ ಇದೆಯಂತೆ. ಎಲ್ಲೋ ಇದ್ದ ಆ ಕಾಗದ ಸಿಕ್ಕಿದ್ದು ಒಂದು ಹಳೆಯ ವಿಭಾಗಪತ್ರದ ಕಡತದೊಳಗೆ.

ಇದರ ಹಿಂದಿನ ಕಾನೂನು ಹೀಗಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಒಪ್ಪಿಕೊಂಡ ಗಡುವಿನೊಳಗೆ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ, ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿಯಾಗಿ. ಆಗ ಬ್ಯಾಂಕ್ ದರ ಶೇಕಡಾ 6.75, ಅಂದರೆ ಬಡ್ಡಿ ಶೇಕಡಾ 20.25, ₹62,000ಕ್ಕೆ ಮೊದಲ ತಿಂಗಳೇ ₹1,046. ಕೆಲಸ ಕೈಸೇರಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಸ್ವೀಕರಿಸಿದಂತೆಯೇ ಲೆಕ್ಕ. ಡಿಸೆಂಬರ್ 2ಕ್ಕೆ ಕಳುಹಿಸಿದ್ದಕ್ಕೆ ಆಕ್ಷೇಪ ಬಂದದ್ದು ಜನವರಿ 11ಕ್ಕೆ, ಅದರ ಮೊದಲು ಬಂದದ್ದು "ಸೂಪರ್ ಚೇಚಿ". ಆಕ್ಷೇಪಕ್ಕಿಂತ ಮೆಚ್ಚುಗೆ ಹೆಚ್ಚು ಉಪಯೋಗಕ್ಕೆ ಬರುವುದು ಹೀಗೆ, ಅಳಿಸಬೇಡಿ. ತಕರಾರನ್ನು ಒಯ್ಯಬೇಕಾದ ಸೌಲಭ್ಯ ಮಂಡಳಿಯೂ ಸರಬರಾಜುದಾರರ ಊರಿನ ಕಡೆಯದ್ದೇ. ಕೊಳ್ಳುವವರು ದೇಶದ ಯಾವ ಮೂಲೆಯಲ್ಲಿದ್ದರೂ ನಡೆಯುತ್ತದೆ. ಆದರೆ ಈ ರಕ್ಷಣೆ ನೋಂದಣಿಯ ಬಳಿಕದ ಸರಬರಾಜಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ, ಕೇರಳದ ರಸ್ತೆ ಸಾರಿಗೆ ನಿಗಮ ಪಕ್ಷವಾಗಿದ್ದ ಒಂದು ಪ್ರಕರಣದಲ್ಲಿ ಹೇಳಿತ್ತು. ಅಕ್ಕನ ಅದೃಷ್ಟ, ಬಾಕಿ ಇದ್ದ ಆರೂ ಪುಸ್ತಿಕೆಗಳು ಹೋದದ್ದು ಸೆಪ್ಟೆಂಬರ್ 14ರ ಬಳಿಕ.

ಅಕೌಂಟ್ಸ್ ವಿಭಾಗಕ್ಕೆ ಅಷ್ಟು ಅವಸರ ಏಕೆ ಬಂತು? ಆದಾಯ ತೆರಿಗೆ ಕಾನೂನಿಗೆ 43ಬಿ ವಿಧಿಯಲ್ಲಿ ಹೊಸದೊಂದು ಉಪವಿಧಿ ಸೇರಿ, 2023–24ರ ಲೆಕ್ಕದಿಂದ ಜಾರಿಗೆ ಬಂದಿತ್ತು. ಇಂಥ ಉದ್ಯಮಗಳ ಬಾಕಿಯನ್ನು ಗಡುವು ಮೀರಿಸಿ ಮಾರ್ಚ್ 31ರ ತನಕವೂ ಕೊಡದೆ ಉಳಿಸಿಕೊಂಡರೆ, ಹಣ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚಾಗಿ ತೋರಿಸಬಹುದು. ಅಂದರೆ ಕೊಡದ ಹಣಕ್ಕೆ ಈ ವರ್ಷವೇ ತೆರಿಗೆ ಕಟ್ಟಬೇಕು. ಆ ಫೆಬ್ರವರಿಯಲ್ಲಿ ದೇಶದ ಎಲ್ಲ ಲೆಕ್ಕಿಗರೂ ಇದೇ ಗಡಿಬಿಡಿಯಲ್ಲಿದ್ದೆವು. ನಾನೂ ನಮ್ಮ ಅಡಿಕೆ ವ್ಯಾಪಾರಿಗಳಿಗೆ ಇದನ್ನು ವಿವರಿಸಿ ಗಂಟಲು ಒಣಗಿಸಿಕೊಂಡಿದ್ದೆ. ಮೆಟ್ಟಿಲಿಳಿದರೆ ಸಿಗುವ ಅಕ್ಕನ ಕಡತಕ್ಕೆ ಅದು ಸಂಬಂಧಿಸಿದ್ದೆಂದು ಹೊಳೆಯಲಿಲ್ಲ! ಸ್ವತಂತ್ರವಾಗಿ ದುಡಿಯುವ ಅನುವಾದಕಿಯೂ ಒಂದು "ಉದ್ಯಮ" ಎಂದು ನನ್ನ ತಲೆಗೂ ಹೋಗಿರಲಿಲ್ಲ ಎಂದೇ ಅರ್ಥ.

ಪ್ರಮಾಣಪತ್ರ, ಬಡ್ಡಿಯ ಲೆಕ್ಕ, ಎರಡು ಬಿಲ್ಲುಗಳ ಪ್ರತಿಗಳನ್ನು ಈ ಬಾರಿ ಕಳುಹಿಸಿದ್ದು ವ್ಯವಸ್ಥಾಪಕರಿಗಲ್ಲ, ನಮೂನೆ ಕೇಳಿದ್ದ ಲೆಕ್ಕಿಗನಿಗೆ. ಮಾರ್ಚ್ 22ಕ್ಕೆ ₹55,800 ಬಂತು. ಎರಡನೆಯ ಬಿಲ್ಲು ಪೂರ್ತಿ, ತೆರಿಗೆ ಕಳೆದು. ಸಂದೇಶ ಏನೂ ಇಲ್ಲ.

ಬಿಟ್ಟುಕೊಟ್ಟದ್ದು

ಮೂರನೆಯ ಬಿಲ್ಲಿನ ಬಗ್ಗೆ ಹುಡುಗನೇ ಕರೆ ಮಾಡಿದ. ಮತ್ತೆ ಚೇಚಿ. ಕೊನೆಯ ಎರಡು ಪುಸ್ತಿಕೆಗಳಲ್ಲಿ ಒಂದೇ ಪ್ರಶ್ನಾವಳಿ ಪ್ರತಿ ಅಧ್ಯಾಯದ ಕೊನೆಗೂ ಬಂದಿತ್ತು, ಒಟ್ಟು ಸುಮಾರು 6,000 ಪದ ಹಾಗೆಯೇ ನಕಲು. ಮರುಕಳಿಕೆಯ ಕಡಿತ ಜೂನ್‌ನ ಇಮೇಲ್‌ನಲ್ಲಿ ಇರಲಿಲ್ಲ, ಕೊಡಬೇಕಾಗಿಲ್ಲ ಎಂದು ನಾನು ಹಟ ಹಿಡಿದೆ. ಅಕ್ಕ ಹೇಳಿದರು, "ಅಣ್ಣ, ಅದನ್ನು ನಾನು ಅನುವಾದ ಮಾಡಿದ್ದು ಒಂದು ಸಲ. ಉಳಿದದ್ದು ಅಂಟಿಸಿದ್ದು." ₹7,500 ಬಿಟ್ಟರು. ಬಡ್ಡಿಯನ್ನೂ ಬಿಟ್ಟರು. ಮಾರ್ಚ್ 28ಕ್ಕೆ ₹38,500ರಲ್ಲಿ ತೆರಿಗೆ ಕಳೆದು ₹34,650 ಬಂತು. ಮೊದಲ ಬಿಲ್ಲಿನ ₹14,000ದ ವಸೂಲಿಯ ಮಾತು ಮತ್ತೆ ಬರಲಿಲ್ಲ. ಕಡಿದ ತೆರಿಗೆ ಒಟ್ಟು ₹15,250. ಜುಲೈಯಲ್ಲಿ ವಿವರ ಸಲ್ಲಿಸಿದೆವು, ಅದೂ ಮರಳಿತು.

ಲೆಕ್ಕ ಹಾಕಿದರೆ ₹1,60,000ದಲ್ಲಿ ₹1,52,500 ಕೈಸೇರಿದೆ. ಗೆಲುವು ಎನ್ನಬಹುದು. ಆದರೆ ಮೂರು ತಿಂಗಳು ಅಕ್ಕ ಹೊಸ ಕೆಲಸ ಹಿಡಿಯಲಿಲ್ಲ, ಮಗನ ಶುಲ್ಕಕ್ಕೆ ಬಳೆ ಅಡವಿಟ್ಟರು, ಅದರ ಬಡ್ಡಿಯನ್ನು ಯಾರೂ ಕೊಟ್ಟಿಲ್ಲ. ಬಡ್ಡಿ ಬಿಟ್ಟದ್ದು ಸರಿಯಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಂಡಳಿಗೆ ಹೋಗುವ ಅರ್ಜಿ ಸಿದ್ಧವಾಗಿತ್ತು. ಅದನ್ನು ಮೇಜಿನ ಮೇಲಿಟ್ಟುಕೊಂಡು ಇನ್ನೊಂದು ವಾರ ಕಾಯಬಹುದಿತ್ತು. ಅಕ್ಕನಿಗೆ ಆ ಇಮೇಲ್ ಪೆಟ್ಟಿಗೆ ತೆರೆಯುವುದೇ ಸಾಕಾಗಿತ್ತು.

ಈಗ ಅವರು ಯಾವ ಕೆಲಸ ಒಪ್ಪುವಾಗಲೂ ನಾಲ್ಕು ವಾಕ್ಯ ಬರೆಯುತ್ತಾರೆ. ಎಣಿಕೆ ಮೂಲ ಭಾಷೆಯ ಪದಗಳದ್ದು. ಮರುಕಳಿಸಿದ ಭಾಗಕ್ಕೆ ಅರ್ಧ ದರ. ತಿದ್ದುಪಡಿ ಇದ್ದರೆ 15 ದಿನದೊಳಗೆ ತಿಳಿಸಬೇಕು, ಓದುಗರು ಯಾವ ಊರಿನವರೆಂದು ಪರಿಶೀಲಕರಿಗೆ ಹೇಳಿರಬೇಕು. ಒಂದು ಬಿಲ್ಲು ಬಾಕಿ ಇದ್ದರೆ ಮುಂದಿನ ಕಂತನ್ನು ತಡೆಯಬಹುದು. ಆಧಾರಪತ್ರ ಹಿಡಿದು ಜಗಲಿಗೆ ಬರುವವರಿಗೆ ಇದು ಯಾವುದೂ ಇಲ್ಲ; ಅಲ್ಲಿ ಮೊದಲಿನಂತೆಯೇ.

ಆಗಸ್ಟ್‌ನಲ್ಲಿ ಅದೇ ಸಂಸ್ಥೆಯಿಂದ ಹೊಸ ಕೆಲಸದ ಇಮೇಲ್ ಬಂತು. ಅಕ್ಕ ನಾಲ್ಕು ವಾಕ್ಯಗಳ ಜತೆ, ದರ ₹1.50, ಕಾಲು ಭಾಗ ಮುಂಗಡ ಎಂದು ಉತ್ತರಿಸಿದರು. ಚೌಕಾಸಿ ನಡೆದು ₹1.40ಕ್ಕೆ ನಿಂತಿತು.

"ಮತ್ತೆ ಅವರದ್ದೇ ಕೆಲಸವೇ ಅಕ್ಕ?" ಎಂದು ಕೇಳಿದೆ.

"ಅವರು ಹೇಗೆ ಎಣಿಸುತ್ತಾರೆಂದು ನನಗೆ ಈಗ ಗೊತ್ತಲ್ಲ ಅಣ್ಣ. ಹೊಸಬರಾದರೆ ಅದನ್ನೂ ಮೊದಲಿನಿಂದ ಕಲಿಯಬೇಕು."

ಹತ್ತನೆಯ ದಿನ ಮುಂಗಡ ಬಂತು. ಅಲ್ಲಿಯ ತನಕ ಅವರು ಕಡತ ತೆರೆದಿರಲಿಲ್ಲ.